ಮಾಂಸಕ್ಕೂ ಸೈ, ಮೊಟ್ಟೆಗೂ ಸೈ, ಕಾವಿಗೆ ಮಾತ್ರ ಒಲ್ಲೆ

ನಾಸಿಕದ ಯೇವಲಾ ಕಡೆಯೋ ಛತ್ರಪತಿ ಸಂಭಾಜಿನಗರದ ಸಿಲ್ಲೋಡ್ ಕಡೆಯೋ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಕೆದಕುತ್ತಿರುವ ದಪ್ಪನೆಯ, ಬಣ್ಣಬಣ್ಣದ ಕೋಳಿ ಕಂಡರೆ ಅದು ‘ಗಿರಿರಾಜ’ ಇರಬಹುದು. ಇದು ನಮ್ಮ ಹೆಬ್ಬಾಳದ ಕೂಸು. 1980ರ ದಶಕದ ಕೊನೆಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನಿಗಳು ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ. ಮಹಾರಾಷ್ಟ್ರ ಸರ್ಕಾರದ ‘ಮಧ್ಯವರ್ತಿ ಅಂಡಿ ಉಬವಣಿ ಕೇಂದ್ರ’ಗಳಲ್ಲಿ, ಎಂದರೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಕೇಂದ್ರಗಳಲ್ಲಿ, ಒಂದು ಸಂಭಾಜಿನಗರದಲ್ಲೇ ಇದೆ. ಇಂಥ ಕೇಂದ್ರಗಳು ಗಿರಿರಾಜ, ಹೈದರಾಬಾದಿನ ವನರಾಜ ಮುಂತಾದ ತಳಿಗಳ ಮರಿಗಳನ್ನು ಮನೆ ಸಾಕಣೆಗೆ ಕೊಡುತ್ತವೆ. ನಾವು ಜವಾರಿ ಎನ್ನುವುದನ್ನು ಅಲ್ಲಿಯವರು ಗಾವರಾನ್ ಎನ್ನುತ್ತಾರೆ. ಗಿರಿರಾಜ ನೋಡಲು ಗಾವರಾನ್‌ನಂತೆಯೇ, ತೂಕದಲ್ಲಿ ಮಾತ್ರ ಅಲ್ಲ.

ಮಾಂಸ, ಮೊಟ್ಟೆ ಎರಡಕ್ಕೂ ಒಂದೇ ಕೋಳಿ ಸಾಲದೆ? ಇಲ್ಲೇ ತೊಡಕು. ಬ್ರಾಯ್ಲರ್ ಆರು ವಾರ ತುಂಬುವ ಮೊದಲೇ ಎರಡು ಕಿಲೋ ದಾಟುತ್ತದೆ. ಫಾರಂನ ಲೇಯರ್ ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುತ್ತದೆ, ಮೈಯಲ್ಲಿ ಮಾಂಸವೇ ಇರುವುದಿಲ್ಲ. ಬೇಗ ಕೊಬ್ಬುವ ಗುಣ ಮತ್ತು ಹೆಚ್ಚು ಮೊಟ್ಟೆಯ ಗುಣ ಆನುವಂಶಿಕವಾಗಿ ಒಂದಕ್ಕೊಂದು ಎದುರಾಳಿಗಳು. ಬ್ರಾಯ್ಲರ್ ಮರಿಗಳ ತಾಯಿಗೆ ಹೊಟ್ಟೆ ತುಂಬ ಮೇವು ಹಾಕಿದರೆ ಅವಳ ಅಂಡಾಶಯದಲ್ಲಿ ಒಟ್ಟೊಟ್ಟಿಗೆ ಹಲವು ಹಳದಿಗಳು ಬಲಿತು ಲಯ ತಪ್ಪುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಅದಕ್ಕೇ ಆ ತಾಯಂದಿರಿಗೆ ಅಳೆದೂ ತೂಗಿ ಮೇವು.

ಗಿರಿರಾಜ ಎರಡರಲ್ಲೂ ಮೊದಲ ಸ್ಥಾನ ಬಿಟ್ಟುಕೊಟ್ಟ ಕೋಳಿ. ವರ್ಷಕ್ಕೆ 130ರಿಂದ 150 ಮೊಟ್ಟೆ. ಜವಾರಿ ಕೋಳಿ ಐವತ್ತು-ಅರವತ್ತು ಇಟ್ಟರೆ ಹೆಚ್ಚು. ನಿಜ ಹೇಳಬೇಕೆಂದರೆ ಎರಡೂ ಕೆಲಸ ಮಾಡುವುದು ಒಂದು ಕೋಳಿಯಲ್ಲ, ಒಂದು ಹಿಂಡು: ಹುಂಜಗಳು ಮೂರು-ನಾಲ್ಕು ತಿಂಗಳಿಗೆ ಸಾರಿಗೋ ಸಂತೆಗೋ ಹೋಗುತ್ತವೆ, ಹೇಂಟೆಗಳು ಮೊಟ್ಟೆಗೆ ಉಳಿಯುತ್ತವೆ. ಲೇಯರ್ ಉದ್ಯಮದಲ್ಲಿ ಗಂಡು ಮರಿಗೆ ಬೆಲೆಯೇ ಇಲ್ಲ, ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಆರಂಭದಿಂದ ಇದನ್ನು ಕಾನೂನಿನಿಂದ ನಿಲ್ಲಿಸಿತು. ಹಿತ್ತಲಲ್ಲಿ ಆ ಪ್ರಶ್ನೆಯೇ ಏಳದು.

ಜವಾರಿಗಿಂತ ಇಷ್ಟೊಂದು ಹೆಚ್ಚುವರಿ ಮೊಟ್ಟೆ ಬಂದದ್ದೆಲ್ಲಿಂದ? ಬಹುಪಾಲು, ತಾಯ್ತನವನ್ನು ಕಿತ್ತುಕೊಂಡದ್ದರಿಂದ. ಜವಾರಿ ಹೇಂಟೆ ಹನ್ನೆರಡು-ಹದಿನೈದು ಮೊಟ್ಟೆ ಇಡುತ್ತಲೇ ಅವಳ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಗರಿ ಕೆದರಿಕೊಂಡು, ಗುರ್‍ರೆನ್ನುತ್ತ ಬುಟ್ಟಿ ಬಿಟ್ಟು ಏಳಳು. ಎದೆಯ ಗರಿ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುತ್ತದೆ. 21 ದಿನ ಕಾವು, ಆಮೇಲೆ ಮರಿಗಳ ಪಾಲನೆ. ಅಲ್ಲಿಯವರೆಗೆ ಅಂಡಾಶಯಕ್ಕೆ ರಜೆ. ಕಾವು ಬಿಡಿಸಲು ಹಳ್ಳಿಯ ಹೆಂಗಸರು ಅವಳನ್ನು ತಣ್ಣೀರಿಗೆ ಅದ್ದುವುದುಂಟು. ಹೊಟ್ಟೆ ತಂಪಾದರೆ ಪ್ರೊಲ್ಯಾಕ್ಟಿನ್ ಇಳಿಯುತ್ತದೆಯಾದ್ದರಿಂದ ಇದು ಮೂಢನಂಬಿಕೆಯಲ್ಲ. ಗಿರಿರಾಜನ ಹೇಂಟೆಗೆ ಕಾವಿನ ಗೀಳಿಲ್ಲ. ಒಂದು ಮೊಟ್ಟೆ ಮುಗಿದರೆ ಮುಂದಿನದು.

ಒಂದು ಮೊಟ್ಟೆಗೆ ಸುಮಾರು 25 ಗಂಟೆ ಬೇಕು, ಅದರಲ್ಲಿ 20 ಗಂಟೆ ಬರೀ ಚಿಪ್ಪಿಗೆ. ದಿನಕ್ಕಿಂತ ಒಂದು ಗಂಟೆ ಹೆಚ್ಚಿರುವುದರಿಂದ ಇಡುವ ಹೊತ್ತು ದಿನದಿನಕ್ಕೆ ತಡವಾಗುತ್ತ ಹೋಗಿ, ನಡುವೆ ಒಂದು ದಿನ ಖಾಲಿ ಹೋಗುತ್ತದೆ. ಚಿಪ್ಪಿಗೆ ಬೇಕಾದ ಎರಡು ಗ್ರಾಂ ಕ್ಯಾಲ್ಸಿಯಂ ಮೇವಿನಿಂದ ಬರಬೇಕು. ರಾತ್ರಿ ಹೊಟ್ಟೆ ಬರಿದಾದಾಗ ಕೋಳಿ ತನ್ನ ಮೂಳೆಯೊಳಗೆ ಕೂಡಿಟ್ಟದ್ದನ್ನೇ ಕರಗಿಸುತ್ತದೆ. ಮನೆಯಲ್ಲಿ ಸಾಕುವವರು ಸುಣ್ಣಕಲ್ಲಿನ ಚೂರನ್ನೋ ಕಪ್ಪೆಚಿಪ್ಪಿನ ಪುಡಿಯನ್ನೋ ಒಂದು ತಟ್ಟೆಯಲ್ಲಿಡುವುದು ಇದಕ್ಕೇ.

ಮರಾಠವಾಡದ ಮೇ ತಿಂಗಳು ಕೋಳಿಗೆ ದೊಡ್ಡ ಪರೀಕ್ಷೆ. ಪಾದರಸ 40 ದಾಟಿದರೆ ಬೆವರದ ಈ ಪ್ರಾಣಿ ಬಾಯಿ ತೆರೆದು ಏದುಸಿರು ಬಿಟ್ಟೇ ತಂಪಾಗಬೇಕು. ಹಾಗೆ ಏದುವಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಸೋರಿಹೋಗುತ್ತದೆ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಜೊತೆ ಬೇಕಾದ ಕಾರ್ಬೋನೇಟೇ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಮೊಟ್ಟೆ ತೆಳುವಾಗುವುದಕ್ಕೆ ಕೋಳಿ ಮೇವು ಕಡಿಮೆ ತಿನ್ನುವುದಷ್ಟೇ ಕಾರಣವಲ್ಲ. ಹುಣಸೆ ಮರದ ನೆರಳು, ಮಣ್ಣಿನ ಮಡಕೆಯ ತಣ್ಣೀರು ಸಿಕ್ಕರೆ ಸಾಕಷ್ಟು ವ್ಯತ್ಯಾಸವಾಗುತ್ತದೆ.

ಕಾವಿಲ್ಲದ ಕೋಳಿ ಸಾಕಿದವರು ಮರಿ ಎಲ್ಲಿಂದ ತರಬೇಕು? ಗಿರಿರಾಜನ ಮೊಟ್ಟೆಯನ್ನು ಜವಾರಿ ಹೇಂಟೆಯ ಕೆಳಗಿಟ್ಟರೆ ಅವಳೇನೋ ಭೇದವಿಲ್ಲದೆ ಮರಿ ಮಾಡುತ್ತಾಳೆ. ಆದರೆ ಗಿರಿರಾಜ ಮಿಶ್ರತಳಿ. ಮರಿಗಳು ಅಪ್ಪ-ಅಮ್ಮನಂತೆಯೇ ಬರುವುದಿಲ್ಲ, ಒಂದು ದಪ್ಪ, ಒಂದು ಸಣಕಲು. ಹಾಗಾಗಿ ರೈತ ಮತ್ತೆ ಮತ್ತೆ ಮರಿ ಕೇಂದ್ರದ ಬಾಗಿಲಿಗೇ ಹೋಗಬೇಕು. ತಳಿಯ ನಿಜವಾದ ಬೆಲೆ ಇದೇ ಎಂಬುದು ನನ್ನ ಎಣಿಕೆ, ಮರಿಯ ರಸೀದಿಯಲ್ಲಿ ಇದು ಕಾಣುವುದಿಲ್ಲ.

ತಂದ ಒಂದು ದಿನದ ಮರಿಗೆ ತಾಯಿಯ ಬದಲು ಬಲ್ಬು. ಮೈಬಿಸಿ ಕಾಯ್ದುಕೊಳ್ಳಲು ಬಾರದ ಅವುಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಮೊದಲ ವಾರ ಮುಗಿಯುವಷ್ಟರಲ್ಲಿ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೆ ಒಂದೊಂದು ಹನಿ; ಮಹಾರಾಷ್ಟ್ರದಲ್ಲಿ ಈ ರೋಗವನ್ನು ಮಾನಮೋಡಿ ಎನ್ನುತ್ತಾರೆ, ಬಂದರೆ ಹಿಂಡೇ ಹೋದೀತು. ಬಿಸಿ ಸರಿಯಿದೆಯೇ ಎಂದು ತಿಳಿಯಲು ಥರ್ಮಾಮೀಟರೇ ಬೇಕೆಂದಿಲ್ಲ. ಮರಿಗಳು ಬಲ್ಬಿನಡಿ ಒತ್ತಿಕೊಂಡರೆ ಚಳಿ, ಅಂಚಿಗೆ ಓಡಿದರೆ ಸೆಕೆ, ಎಲ್ಲೆಡೆ ಹರಡಿ ಮೇಯುತ್ತಿದ್ದರೆ ಸರಿಯಾಗಿದೆ.