150 ಎಂಎಲ್ ಹೊಟ್ಟೆಯ ಲೆಕ್ಕಾಚಾರ

ತೂಕ ಇಳಿಸೋ ಆಪರೇಷನ್ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನ ಅಂದುಕೊಳ್ಳೋದು, ಪೈಪ್ ಹಾಕಿ ಕೊಬ್ಬು ಹೀರಿ ತೆಗೆಯೋದು ಅಂತ. ಅದು ಲೈಪೋಸಕ್ಷನ್, ಬೇರೆ ವಿಷಯ. ನಾವು ಹೇಳ್ತಿರೋದು ಬೇರಿಯಾಟ್ರಿಕ್ ಸರ್ಜರಿ. ಇದರಲ್ಲಿ ಕತ್ತರಿ ಬೀಳೋದು ಜಠರಕ್ಕೆ. ಮನೆಯಲ್ಲಿ ಅತ್ತೆಯೋ ಮಾವನೋ ಇದನ್ನ ಮಾಡಿಸಿಕೊಂಡು ಬಂದ್ರೆ, ಅವರ ತಟ್ಟೆ ನೋಡಿ "ಅಯ್ಯೋ, ಇಷ್ಟೇನಾ?" ಅನ್ನೋರು ನಾವೇ. ಆ ತಟ್ಟೆ ಯಾಕೆ ಹಾಗಿರುತ್ತೆ ಅಂತ ಸ್ವಲ್ಪ ನೋಡೋಣ.

ಈಗ ಹೆಚ್ಚಾಗಿ ಮಾಡೋದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಶೇ. 75ರಿಂದ 80ರಷ್ಟು ಭಾಗ ತೆಗೆದು, ಬಾಳೆಕಾಯಿ ಆಕಾರದ ಒಂದು ಕೊಳವೆ ಉಳಿಸ್ತಾರೆ. ಒಂದು ಲೀಟರ್‌ಗೂ ಮೇಲೆ ಹಿಡೀತಿದ್ದ ಚೀಲ ಈಗ 100-150 ಎಂಎಲ್, ಅಂದ್ರೆ ಹೆಚ್ಚು ಕಮ್ಮಿ ಒಂದು ಕಾಫಿ ಲೋಟ. ಚೆನ್ನಾಗಿ ಹಿಗ್ಗುತ್ತಿದ್ದ ಮೇಲ್ಭಾಗವೇ ಹೋಗಿರುತ್ತೆ. ಬಲೂನ್ ಊದುವಾಗ ಮೊದಲ ಉಸಿರೇ ಕಷ್ಟ ಅಲ್ವಾ? ನಾವು ಓದೋ ಲಾಪ್ಲಾಸ್ ನಿಯಮದ ಕಥೆಯೇ ಇಲ್ಲೂ: ತ್ರಿಜ್ಯ ಕಡಿಮೆ ಆದಷ್ಟು ಒತ್ತಡ ಜಾಸ್ತಿ. ಹಾಗಾಗಿ ಎರಡು ತುತ್ತು ಹೆಚ್ಚಾದ್ರೂ ಎದೆ ಬಿಗಿಯುತ್ತೆ. ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗೋದೂ ಆ ತೆಗೆದ ಭಾಗದಲ್ಲೇ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಎಷ್ಟೋ ಜನರಿಗೆ ಹಸಿವೇ ಸರಿಯಾಗಿ ಆಗಲ್ಲ.

ಮೊದಲು ತಿಳಿ ದ್ರವ, ಆಮೇಲೆ ಮಜ್ಜಿಗೆ, ಬೇಳೆಕಟ್ಟು, ಆಮೇಲೆ ರುಬ್ಬಿದ್ದು, ಮೆತ್ತಗಿನದ್ದು. ಮಾಮೂಲಿ ಊಟಕ್ಕೆ ಬರೋಕೆ ಆರರಿಂದ ಎಂಟು ವಾರ. ಒಳಗೆ ಸ್ಟೇಪಲ್ ಹಾಕಿದ ಜಾಗ ಮಾಗಬೇಕಲ್ಲ.

ಅಸಲಿ ತಲೆನೋವು ಶುರುವಾಗೋದು ಪ್ರೋಟೀನ್‌ನಿಂದ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು ಅಂತಾರೆ ಡಯಟಿಷಿಯನ್‌ಗಳು. ಒಂದು ಇಡ್ಲಿಯಲ್ಲಿರೋದು ಸುಮಾರು 2 ಗ್ರಾಂ. ಎರಡು ಇಡ್ಲಿಗೆ ಟ್ಯಾಂಕ್ ಫುಲ್, ಸಿಕ್ಕಿದ್ದು ಬರೀ 4 ಗ್ರಾಂ! ಮೊಟ್ಟೆಯಲ್ಲಿ 6 ಗ್ರಾಂ. ಬರೀ ಮೊಟ್ಟೆಯಲ್ಲೇ ಲೆಕ್ಕ ತುಂಬಿಸ್ತೀವಿ ಅಂದ್ರೆ ದಿನಕ್ಕೆ ಹತ್ತು ಬೇಕು. ಅದಕ್ಕೇ ತಟ್ಟೆಯ ಕ್ರಮ ತಿರುವುಮುರುವು ಆಗುತ್ತೆ. ಮೊದಲು ಮೊಟ್ಟೆ, ಮೀನು, ಪನೀರ್, ಗಟ್ಟಿ ಬೇಳೆ, ಆಮೇಲೆ ಪಲ್ಯ, ಜಾಗ ಉಳಿದ್ರೆ ಎರಡು ಚಮಚ ಅನ್ನ. ಅನ್ನದ ಗುಡ್ಡ ಮಾಡಿ ಸಾರು ಹುಯ್ದುಕೊಳ್ಳೋ ನಮಗೆ ಇದು ಊಟ ಅಂತಲೇ ಅನ್ನಿಸಲ್ಲ. ಸಸ್ಯಾಹಾರಿಗಳಿಗೆ ಇನ್ನೂ ಕಷ್ಟ, ಹೆಚ್ಚಿನವರಿಗೆ ಪ್ರೋಟೀನ್ ಪೌಡರ್ ಬೇಕಾಗುತ್ತೆ. ಪ್ರೋಟೀನ್ ಕಡಿಮೆ ಬಿದ್ರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳಂತೂ ಜೀವನಪೂರ್ತಿ. ವಾಂತಿ ದಿನಗಟ್ಟಲೆ ನಿಲ್ಲದಿದ್ರೆ ಮನೆಮದ್ದು ಮಾಡ್ತಾ ಕೂರಬಾರದು. ಬಿ1 ಕೊರತೆಯಾದ್ರೆ ನರಗಳಿಗೇ ಪೆಟ್ಟು.

ನೀರಿನದ್ದು ಇನ್ನೊಂದು ಶೆಡ್ಯೂಲಿಂಗ್ ಪ್ರಾಬ್ಲಮ್. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ, ಊಟವಾಗಿ ಅರ್ಧ ಗಂಟೆವರೆಗೂ ಇಲ್ಲ. ಆದ್ರೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಒಳಗೆ ಹೋಗಲೇಬೇಕು. ಎಚ್ಚರ ಇರೋ 16 ಗಂಟೆಯಲ್ಲಿ ಮೂರು ಊಟಕ್ಕೆ ತಲಾ ಒಂದು ಗಂಟೆ ಕಳೀರಿ. ಉಳಿದ 13 ಗಂಟೆಗೆ ಹಂಚಿದ್ರೆ ಗಂಟೆಗೆ 115 ಎಂಎಲ್, ಅದೂ ಗುಟುಕು ಗುಟುಕಾಗಿ. ಊಟದ ಕೊನೆಗೆ ಗಟಗಟ ಮಜ್ಜಿಗೆ ಕುಡಿಯೋ ಸುಖ ಮುಗೀತು.

ಮಂಡ್ಯ ಕಡೆಯವರು ಬೇಜಾರು ಮಾಡ್ಕೋಬೇಡಿ, ಮುದ್ದೆ ಬಗ್ಗೆ ಹೇಳಲೇಬೇಕು. ಮುದ್ದೆಯನ್ನ ಅಗಿಯೋದಿಲ್ಲ, ನುಂಗೋದು. ಈ ಹೊಟ್ಟೆಗೆ ಅದೇ ಆಗಿಬರಲ್ಲ. ಅಗಿಯದ ತುತ್ತು ಸಿಕ್ಕಿಕೊಂಡ್ರೆ ಎದೆ ನೋವು, ನೊರೆ ನೊರೆ ವಾಂತಿ. ಪ್ರತಿ ತುತ್ತನ್ನೂ 20-30 ಸಲ ಅಗಿದು, ಒಂದು ಊಟಕ್ಕೆ 20-30 ನಿಮಿಷ ತಗೋಬೇಕು. ಮೆಸ್ಸಲ್ಲಿ ಏಳು ನಿಮಿಷಕ್ಕೆ ತಟ್ಟೆ ಖಾಲಿ ಮಾಡೋ ನಾವು ಒಂದು ದಿನ ಹೀಗೆ ತಿಂದು ನೋಡಬಹುದು.

"ಆಪರೇಷನ್ ಮಾಡಿಸ್ಕೊಂಡ್ರಲ್ಲ, ಇನ್ನೇನು, ಶಾರ್ಟ್‌ಕಟ್ಟು" ಅನ್ನೋರಿಗೆ ಒಂದು ಮಾತು. ಈ ಕೊಳವೆ ತಡೆಯೋದು ಗಟ್ಟಿ ಆಹಾರವನ್ನ ಮಾತ್ರ. ಐಸ್‌ಕ್ರೀಮ್, ಮಿಲ್ಕ್‌ಶೇಕ್, ಬಾಯಲ್ಲೇ ಕರಗೋ ಚಿಪ್ಸ್ ಸಲೀಸಾಗಿ ಜಾರಿ ಹೋಗುತ್ತವೆ, ಹೊಟ್ಟೆ ತುಂಬಿದ್ದು ಗೊತ್ತೇ ಆಗಲ್ಲ. ದಿನವಿಡೀ ಇಂಥದ್ದನ್ನೇ ತಿಂತಾ ಇದ್ರೆ ಇಳಿದ ತೂಕ ವಾಪಸ್. ಬೈಪಾಸ್ ಮಾಡಿಸಿಕೊಂಡವರಿಗೆ ಕಥೆ ಬೇರೆ: ಸಕ್ಕರೆ ಸೀದಾ ಸಣ್ಣ ಕರುಳಿಗೆ ಹೋಗಿ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಅಂತಾರೆ.

ಇಷ್ಟೆಲ್ಲಾ ಸಂಭಾಳಿಸ್ತಿರೋರು ಮದುವೆ ಊಟಕ್ಕೆ ಕೂತಾಗ ನಮ್ಮವರು ಮಾಡೋದೇನು? ಬೇಡ ಬೇಡ ಅಂದ್ರೂ ಇನ್ನೊಂದು ಹೋಳಿಗೆ, ಮೇಲೆ ತುಪ್ಪ. ಪ್ರೀತಿಯಿಂದಲೇ ಹಾಕೋದು, ಗೊತ್ತು. ಆದ್ರೆ ಅವರು ಎಲೆ ಮೇಲೆ ಕೈ ಅಡ್ಡ ಇಟ್ರೆ ಬಡಿಸೋರನ್ನ ಮುಂದಕ್ಕೆ ಕಳಿಸಿ. ಎಲೆಯಲ್ಲಿರೋ ಕೋಸಂಬರಿ ಹೆಸರುಬೇಳೆಯದ್ದು, ಅವರು ಅದನ್ನೇ ನಿಧಾನಕ್ಕೆ ತಿಂತಾ ಇರಬಹುದು. ಪಂಕ್ತಿ ಎದ್ದ ಮೇಲೂ ಅವರ ಜೊತೆ ಇನ್ನೊಂದು ಹತ್ತು ನಿಮಿಷ ಕೂತಿರಿ.