ಮುಪ್ಪಿನ ಒಂಟಿತನ ಮತ್ತು ಒಡನಾಟದ ದಾಸೋಹ

ಏಕಾಂತ, ಒಂಟಿತನ ಎಂಬ ಎರಡು ಮಾತುಗಳನ್ನು ನಾವು ವ್ಯವಹಾರದಲ್ಲಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಶರಣ ಸಾಹಿತ್ಯದ ಪರಿಚಯವುಳ್ಳವರಿಗೆ ಇವೆರಡರ ಅಂತರ ತಿಳಿಯದಿರದು. ಹಿರೇಕೆರೂರು ಸೀಮೆಯ ಅಬಲೂರಿನೊಡನೆ ಹೆಸರು ಬೆಸೆದಿರುವ, 12ನೆಯ ಶತಮಾನದ ರಾಮಯ್ಯನು ಏಕಾಂತದಲ್ಲಿ ಶಿವನನ್ನು ಆರಾಧಿಸಿದ ಕಾರಣದಿಂದ ಏಕಾಂತದ ರಾಮಯ್ಯನೆನಿಸಿದನು. ಆ ಏಕಾಂತವನ್ನು ಅವನೇ ಆರಿಸಿಕೊಂಡಿದ್ದನು. ಅದರಲ್ಲಿ ದೈವದ ಸಂಗವಿದ್ದಿತು. ಒಂಟಿತನವಾದರೋ ಬೇಡದೆ ಬಂದೊದಗುವಂಥದು. ಮನಸ್ಸು ಬಯಸುವ ಸಂಗಕ್ಕೂ ದೊರೆಯುವ ಸಂಗಕ್ಕೂ ನಡುವೆ ಉಳಿಯುವ ಕೊರತೆಯೇ ಅದು. ಆದುದರಿಂದ ಒಬ್ಬರೇ ವಾಸಿಸುವವರೆಲ್ಲರೂ ಒಂಟಿತನದಿಂದ ಬಳಲುವವರಲ್ಲ. ತುಂಬಿದ ಮನೆಯಲ್ಲಿರುವವರೆಲ್ಲರೂ ಅದರಿಂದ ಪಾರಾದವರೂ ಅಲ್ಲ.

ಹುಬ್ಬಳ್ಳಿ-ದಾವಣಗೆರೆ ರೈಲುಮಾರ್ಗದಲ್ಲಿರುವ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನೇ ನೋಡೋಣ. ಮೆಣಸಿನಕಾಯಿ, ಹತ್ತಿ, ಗೋವಿನಜೋಳ, ಬಿತ್ತನೆ ಬೀಜಗಳ ವ್ಯಾಪಾರಕ್ಕೆ ಹೆಸರಾದ ಊರುಗಳಿವು. ಸರಕು ಹೊರಗೆ ಹೋಗುವ ದಾರಿಯಲ್ಲಿಯೇ ಓದಿದ ಮಕ್ಕಳೂ ಬೆಂಗಳೂರು, ಪುಣೆಗಳಿಗೆ ಹೋಗುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. ಮಕ್ಕಳು ಓದಲಿ, ಬೆಳೆಯಲಿ ಎಂದು ಹಾರೈಸಿದವರು ತಂದೆತಾಯಿಗಳೇ. ಆದರೆ ಹೊಲ ಬಿಟ್ಟು ಬರಲಾರದ ಅಜ್ಜ, ಪತಿಯನ್ನು ಕಳೆದುಕೊಂಡ ಅಮ್ಮ ಹಿಂದೆ ಉಳಿಯುತ್ತಾರೆ. ಕಣ್ಣು ಮಂಜಾಗಿ ಓದು ತಪ್ಪುತ್ತದೆ. ಕಿವಿ ಮಂದವಾಗಿ ಮಾತು ತಪ್ಪುತ್ತದೆ. ಬೀಳುವ ಭಯದಿಂದ ಅಗಸಿಯ ಕಟ್ಟೆಗೆ ಹೋಗುವುದೂ ನಿಲ್ಲುತ್ತದೆ. ಹೀಗೆ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತ ಒಂಟಿತನವು ಮೆಲ್ಲಮೆಲ್ಲನೆ ಮನೆಮಾಡುತ್ತದೆ.

ಇದು ಕೇವಲ ಮನಸ್ಸಿನ ಕೊರಗಲ್ಲ. ಭಾರತದಲ್ಲಿ 2017-18ರಲ್ಲಿ ನಡೆದ ವೃದ್ಧಾಪ್ಯ ಕುರಿತ ರಾಷ್ಟ್ರೀಯ ಸಮೀಕ್ಷೆಯಂತೆ, 60 ವರ್ಷ ತುಂಬಿದವರಲ್ಲಿ ನೂರಕ್ಕೆ ಸುಮಾರು 6 ಜನರು ಒಬ್ಬರೇ ವಾಸಿಸುತ್ತಿದ್ದರು. 2010ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು 148 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಗಟ್ಟಿಯಾದ ಬಾಂಧವ್ಯವುಳ್ಳವರು ಬದುಕಿ ಉಳಿಯುವ ಸಂಭವವು ಅದಿಲ್ಲದವರಿಗಿಂತ ನೂರಕ್ಕೆ 50ರಷ್ಟು ಹೆಚ್ಚೆಂದು ಕಂಡುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ವರದಿಯಲ್ಲಿ, ಲೋಕದ ಪ್ರತಿ 6 ಜನರಲ್ಲಿ ಒಬ್ಬರು ಒಂಟಿತನಕ್ಕೆ ಒಳಗಾಗಿದ್ದಾರೆಂದು ತಿಳಿಸಿತು.

ಇದಕ್ಕೆ ಪರಿಹಾರವಾಗಿ ಈಚೆಗೆ ಒಡನಾಟದ ಸೇವೆಯೆಂಬುದು ರೂಪುಗೊಂಡಿದೆ. ಇದು ದಾದಿಯ ಕೆಲಸವಲ್ಲ, ಅಡುಗೆಯವರ ಕೆಲಸವೂ ಅಲ್ಲ. ಒಬ್ಬರು ನಿಯಮಿತವಾಗಿ ಹಿರಿಯರ ಮನೆಗೆ ಬಂದು ಕುಳಿತು ಮಾತನಾಡುವುದು, ಪತ್ರಿಕೆ ಓದಿ ಹೇಳುವುದು, ಜೊತೆಯಲ್ಲಿ ನಡೆದಾಡುವುದು, ಬ್ಯಾಂಕಿಗೋ ಆಸ್ಪತ್ರೆಗೋ ಕೂಡ ಹೋಗುವುದು ಇದರ ಸ್ವರೂಪ. ಮುಂಬಯಿಯಲ್ಲಿ 2022ರಲ್ಲಿ ಆರಂಭವಾದ ಗುಡ್‌ಫೆಲೋಸ್ ಎಂಬ ಸಂಸ್ಥೆಯು ಪದವೀಧರ ತರುಣರನ್ನು ಈ ಕೆಲಸಕ್ಕೆ ನೇಮಿಸಿ, ಶುಲ್ಕ ಪಡೆದು ಕಳುಹಿಸತೊಡಗಿತು. ಮಹಾನಗರಕ್ಕೆ ಅದು ಒಗ್ಗಬಹುದು. ನೆರೆಹೊರೆಯೆಂಬುದು ಇನ್ನೂ ಉಳಿದಿರುವ ನಮ್ಮ ಊರುಗಳಿಗೆ ಬೇರೆ ದಾರಿ ಸಾಧ್ಯ.

ಆ ದಾರಿಯ ನಿಯಮಗಳು ಸರಳವಾದುವು. ಮೊದಲನೆಯದು, ಬರುವವರು ಒಬ್ಬರೇ ಆಗಿರಬೇಕು. ವಾರಕ್ಕೊಬ್ಬರು ಬದಲಾದರೆ ಸಲುಗೆ ಬೆಳೆಯದು. ಎರಡನೆಯದು, ದಿನವೂ ಹೊತ್ತೂ ನಿಶ್ಚಿತವಾಗಿರಬೇಕು. ಬರುವರೆಂಬ ನಿರೀಕ್ಷೆಯೇ ವಾರಕ್ಕೆಲ್ಲ ಬಲ ಕೊಡುತ್ತದೆ. ಮೂರನೆಯದು, ಕೇಳುವ ಪ್ರಶ್ನೆಗೆ ಉತ್ತರ ಉದ್ದವಾಗಿರುವಂತೆ ನೋಡಿಕೊಳ್ಳಬೇಕು. 'ಅಜ್ಜಾರ, ಊಟ ಆತೇನ್ರಿ?' ಎಂದರೆ 'ಆತಪಾ' ಎಂಬಲ್ಲಿಗೆ ಮಾತು ಮುಗಿಯಿತು. 'ಅಜ್ಜಾರ, ಆಗಿನ ಬರದಾಗ ಹೊಲಕ್ಕ ಏನು ಬಿತ್ತಿದ್ರಿ?' ಎಂದರೆ ಒಂದು ಕಾಲವೇ ತೆರೆದುಕೊಳ್ಳುತ್ತದೆ. ನಾಲ್ಕನೆಯದು, ಹಣ ಹಾಗೂ ಆಸ್ತಿಯ ಕಾಗದಪತ್ರಗಳಿಗೆ ಒಡನಾಡಿಯು ಕೈ ಹಚ್ಚಕೂಡದು. ಅವನ ಬರುಹೋಗು ಮಕ್ಕಳಿಗೂ ನೆರೆಯವರಿಗೂ ತಿಳಿದಿರಬೇಕು.

ಕಾನೂನು ಮಾಡಬಲ್ಲದನ್ನೂ ಮಾಡಲಾರದನ್ನೂ ಅರಿತಿರುವುದು ಒಳ್ಳೆಯದು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದ ಮೇರೆಗೆ, ಅಲಕ್ಷ್ಯಕ್ಕೊಳಗಾದ ಹಿರಿಯರು ಉಪವಿಭಾಗ ಮಟ್ಟದ ನ್ಯಾಯಮಂಡಳಿಯಲ್ಲಿ ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ಬಡ ವೃದ್ಧರಿಗೆ ಸಂಧ್ಯಾ ಸುರಕ್ಷಾ ವೇತನವಿದೆ. 14567 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಿರಿಯರಿಗೆ ಉಚಿತ ಸಲಹೆ ದೊರೆಯುತ್ತದೆ. ಊಟ, ನಿದ್ರೆಗಳು ತಪ್ಪಿ, ಬದುಕೇ ಬೇಡವೆಂಬ ಮಾತು ಬಂದರೆ ಅದನ್ನು ಮುಪ್ಪಿನ ಗೊಣಗಾಟವೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 14416 ಎಂಬ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ಇವೆಲ್ಲವೂ ಬೇಕಾದುವೇ. ಆದರೆ ಜೀವನಾಂಶವನ್ನು ಕೊಡಿಸಬಲ್ಲ ಆಜ್ಞೆಯು ಸಂಜೆಯ ಹೊತ್ತು ಜಗುಲಿಯ ಮೇಲೆ ಒಬ್ಬರನ್ನು ತಂದು ಕೂಡ್ರಿಸಲಾರದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿರಿಯರನ್ನು ಬರಿಯ ಪಡೆಯುವವರನ್ನಾಗಿ ಮಾಡಿದರೆ ಒಂಟಿತನ ಪೂರ್ತಿ ಅಳಿಯದು. 'ನಾನು ಯಾರಿಗೂ ಬೇಡವಾದೆ' ಎಂಬ ಕೊರಗೇ ಅದರ ಬೇರು. ಆಫ್ರಿಕದ ಜಿಂಬಾಬ್ವೆಯ ಹರಾರೆ ನಗರದಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂಡ್ರಿಸಿದರು. ಮನನೊಂದವರು ಬಂದು ಅವರೊಡನೆ ಮಾತನಾಡಿದರು. ಅದರಿಂದ ಅವರ ಖಿನ್ನತೆ ತಗ್ಗಿತೆಂಬುದನ್ನು 2016ರ ಅಧ್ಯಯನವು ತೋರಿಸಿತು. ಅಲ್ಲಿ ಮುಪ್ಪು ಹೊರೆಯಾಗದೆ ಯೋಗ್ಯತೆಯಾಯಿತು. ಬ್ಯಾಡಗಿಯಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನು ಕಂಡವರಿಗೆ ಇದರ ಮರ್ಮ ಹೊಳೆದೀತು. ಕೈಗೆ ಕೆಲಸವಿದ್ದಲ್ಲಿ ಬಾಯಿಗೆ ಮಾತು ತಾನಾಗಿ ಬರುತ್ತದೆ.

ದಾನಕ್ಕೂ ದಾಸೋಹಕ್ಕೂ ಇರುವ ಭೇದವೂ ಇದೇ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನಾಗಿ, ಕೊಂಡವರಿಂದ ತಾನೇ ಧನ್ಯನಾದೆನೆಂದು ಭಾವಿಸುತ್ತಾನೆ. ಹಿರಿಯರಲ್ಲಿಗೆ ಹೋಗುವ ತರುಣನು ಅವರಿಂದ ಒಂದು ಹಾಡನ್ನೋ, ಬೀಜ ಕಾಯ್ದಿಡುವ ಬಗೆಯನ್ನೋ, ಮರೆತುಹೋಗುತ್ತಿರುವ ಒಂದು ಮಾತಿನ ಅರ್ಥವನ್ನೋ ಕಲಿತು ಬರಲಿ. ಸಾಹಿತ್ಯದ ವಿದ್ಯಾರ್ಥಿಗಳಿಗಂತೂ ಗ್ರಂಥಾಲಯದಲ್ಲಿ ದೊರೆಯದ ಸಂಪತ್ತು ಅಲ್ಲಿದೆ. ಶಿವಾನುಭವ ಗೋಷ್ಠಿಗಳನ್ನು ನಡೆಸುವ ಮಠಗಳೂ ಊರಿನ ಕಾಲೇಜುಗಳೂ ಮನಸ್ಸು ಮಾಡಿದರೆ, ಓಣಿಗೊಂದು ಪಟ್ಟಿ ಸಿದ್ಧಪಡಿಸಿ ಒಬ್ಬ ಹಿರಿಯರಿಗೆ ಒಬ್ಬ ಒಡನಾಡಿಯಂತೆ ಗೊತ್ತುಪಡಿಸುವುದು ಕಠಿಣವಲ್ಲ. ಇದಕ್ಕೆ ಕಟ್ಟಡ ಬೇಡ, ನಿಧಿ ಬೇಡ. ವಾರಕ್ಕೆ ಒಂದು ಗಂಟೆ ಸಾಕು.

ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರವು ತುಂಗಭದ್ರೆಯ ತಡಿಯಲ್ಲಿದೆ. ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಊರದು. ಅಂಬಿಗನು ದಡದಲ್ಲಿ ನಿಂತು ದಾರಿ ಹೇಳುವವನಲ್ಲ, ದೋಣಿಯಲ್ಲಿ ತಾನೂ ಕುಳಿತು ಜೊತೆಗೆ ಬರುವವನು. ಮುಪ್ಪಿನ ಹೊಳೆಯನ್ನು ದಾಟುತ್ತಿರುವವರಿಗೆ ನಮ್ಮಿಂದ ಬೇಕಾಗಿರುವುದೂ ಅಷ್ಟೇ.