ನಮ್ಮ ರಾಗಿಗೂ ಕಡಲಿಗೂ ನಂಟು



ನಮ್ಮ ಅಂಚೆಟ್ಟಿಯಿಂದ ಕಡಲು ದೂರ. ಆದರೂ ನಮ್ಮ ರಾಗಿ ಹೊಲಕ್ಕೆ ಬೀಳೋ ಮಳೆಯ ಏರುಪೇರು, ಕಡಲು ಎಲ್ಲಿ ಎಷ್ಟು ಬಿಸಿಯಾಗಿದೆ ಅನ್ನೋದನ್ನೂ ಅವಲಂಬಿಸಿದೆ.

ಇದನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ? ವಿಜ್ಞಾನಿಗಳು ಕಡಲನ್ನೂ ಗಾಳಿಯನ್ನೂ ಕಂಪ್ಯೂಟರಿನಲ್ಲಿ ಲಕ್ಷಾಂತರ ಚೌಕಗಳಾಗಿ ಭಾಗ ಮಾಡುತ್ತಾರೆ. ಪ್ರತಿ ಚೌಕದ ಉಷ್ಣತೆ, ಒತ್ತಡ, ಚಲನೆಯನ್ನು ಲೆಕ್ಕ ಹಾಕುತ್ತಾರೆ; ಅದರಲ್ಲಿ ಚಲನೆಯ ಲೆಕ್ಕ ನೀವು ಓದುವ ನ್ಯೂಟನ್ನನ ನಿಯಮಗಳ ಆಧಾರದಲ್ಲೇ! ಇದೇ ವಾಯುಗುಣ ಮಾದರಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೊಂದು ಕೇಂದ್ರ 1982ರಲ್ಲೇ ಶುರುವಾಯಿತು. ಅಲ್ಲಿದ್ದ ಸುಲೋಚನಾ ಗಾಡ್ಗೀಳ್ ಮುಂಗಾರಿನ ಅಧ್ಯಯನದ ಜೊತೆಗೆ, ಅನಂತಪುರ ಭಾಗದಲ್ಲಿ ಮಳೆಯಾಧಾರಿತ ಕಡಲೆಕಾಯಿಯನ್ನು ಯಾವಾಗ ಬಿತ್ತಿದರೆ ಒಳ್ಳೆಯದು ಎಂದೂ ಲೆಕ್ಕ ಹಾಕಿದರು.

ನೀವು ಈ ಕೆಲಸಕ್ಕೆ ಸೇರೋದು ಹೇಗೆ? ಹನ್ನೊಂದನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ತಗೊಳ್ಳಿ. ಆಮೇಲೆ ಬಿಎಸ್‌ಸಿ, ಎಂಎಸ್‌ಸಿ ಅಥವಾ ಎಂಜಿನಿಯರಿಂಗ್. ನಂತರ ನೆಟ್ ಇಲ್ಲವೇ ಗೇಟ್ ಪರೀಕ್ಷೆ ಬರೆದು ಪಿಎಚ್‌ಡಿ. "ಅಷ್ಟು ವರ್ಷ ಓದೋಕೆ ದುಡ್ಡೆಲ್ಲಿ?" ಅಂತ ಮನೆಯಲ್ಲಿ ಕೇಳಬಹುದು. ಕೇಂದ್ರ ಸರ್ಕಾರದ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಕೊಡುತ್ತಾರೆ ಅಂತ ಹೇಳಿ.

ಕನ್ನಡದಲ್ಲಿ ಕಲಿತರೂ ಸಮೀಕರಣ ಅದೇ. ಈ ಮಳೆಗಾಲದಿಂದಲೇ ನೇರ ಬದಿಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು, ದಿನಾ ಮಳೆ ಅಳೆದು ಬರೆದಿಡಿ. ಮಾದರಿಯ ಲೆಕ್ಕ ಸರಿಯೋ ತಪ್ಪೋ ಎಂದು ಹೇಳೋದು ಇಂಥ ಅಳತೆಗಳೇ.